ಹೊಗೆ ತಾನಾಗಿಯೇ ಬರಬೇಕು

ಚಿಮಣಿ ಇರುವ ಮನೆಗೆ ಹೋದಾಗಲೆಲ್ಲ ನನ್ನ ಕಣ್ಣಿಗೆ ಬೀಳುವುದು ಒಂದೇ ದೃಶ್ಯ. ಒಲೆಯ ಮೇಲೆ ಏನೋ ಹುರಿಯುತ್ತಿರುತ್ತದೆ, ಮೇಲೆ ಯಂತ್ರ ಭರ್ರೆಂದು ಓಡುತ್ತಿರುತ್ತದೆ. ಯಾರೋ ಬಾಗಿಲಲ್ಲಿ ನಿಂತು ಏನೋ ಕೇಳುತ್ತಾರೆ. ಅಡುಗೆ ಮಾಡುತ್ತಿದ್ದವರು ಮೊದಲು ಕೈ ಚಾಚಿ ಚಿಮಣಿ ಆಫ್ ಮಾಡುತ್ತಾರೆ, ಆಮೇಲೆ "ಏನಂದ್ರಿ?" ಅನ್ನುತ್ತಾರೆ. ಮಾತು ಮುಗಿದ ಮೇಲೆ ಅದನ್ನು ಮತ್ತೆ ಹಾಕುವವರನ್ನು ನಾನು ಹೆಚ್ಚು ನೋಡಿಲ್ಲ. ಬಾಣಲೆಯ ಹೊಗೆ ಮಾತ್ರ ಯಾರ ಮಾತಿಗೂ ಕಾಯದೆ ಏಳುತ್ತಲೇ ಇರುತ್ತದೆ. ಸ್ವಲ್ಪ ಹೊತ್ತಿಗೆ ಯಾರಿಗೋ ಕೆಮ್ಮು ಬರುತ್ತದೆ, ಇನ್ನ್ಯಾರೋ ಎದ್ದು ಕಿಟಕಿ ತೆಗೆಯುತ್ತಾರೆ.

ನಮ್ಮ ಅಡುಗೆಮನೆಯನ್ನು ಕಿತ್ತು ಹೊಸದಾಗಿ ಮಾಡಿಸುವ ಮಾತು ಎದ್ದಾಗ ಚಿಮಣಿ ನೋಡುವ ಜವಾಬ್ದಾರಿ ನನ್ನ ತಲೆಗೆ ಬಂತು. ಕ್ಯಾಟಲಾಗು ತೆರೆದರೆ ಎಲ್ಲ ಕಂಪನಿಗಳೂ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿದ್ದವು: ಇದು ಎಷ್ಟು ಎಳೆಯುತ್ತದೆ? ಗಂಟೆಗೆ 1000 ಘನ ಮೀಟರ್, 1200, 1500. ಸಂಖ್ಯೆ ಏರಿದಂತೆ ಗಾಜು ಹೊಳೆಯುತ್ತದೆ, ಗುಂಡಿ ಹೋಗಿ ಕೈಬೀಸಿದರೆ ಓಡುವ ಸೆನ್ಸರ್ ಬರುತ್ತದೆ. ನನ್ನ ತಲೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆಯೇ ಬೇರೆ. ಇಷ್ಟೆಲ್ಲ ಎಳೆಯುವ ಯಂತ್ರವನ್ನು ದುಡ್ಡು ಕೊಟ್ಟು ತಂದವರೇ ಯಾಕೆ ಹಾಕುವುದಿಲ್ಲ? ಶಬ್ದ ಅನ್ನುವುದು ಎಲ್ಲರೂ ಕೊಡುವ ಉತ್ತರ, ನಿಜವೂ ಹೌದು. ಆದರೆ ಆ ಶಬ್ದ ಎಲ್ಲಿಂದ ಹುಟ್ಟುತ್ತದೆ ಎಂದು ಹಿಡಿದುಕೊಂಡು ಹೋದರೆ ಯಂತ್ರವನ್ನು ಬಿಟ್ಟು ಗೋಡೆಗೆ, ಕಿಟಕಿಗೆ, ಒಲೆ ಇಟ್ಟ ಜಾಗಕ್ಕೆ ಬಂದು ನಿಲ್ಲುತ್ತೇವೆ.

ಅಂಟಿಕೊಂಡ ಹಾಳೆ

ಅಂಗಡಿಯಲ್ಲಿ ಚಿಮಣಿ ತೋರಿಸುವ ಹುಡುಗ ಮಾಡುವ ಮೊದಲ ಕೆಲಸ ಒಂದು ಬಿಳಿ ಹಾಳೆಯನ್ನು ಅದರ ಬಾಯಿಗೆ ಹಿಡಿದು ಕೈ ಬಿಡುವುದು. ಹಾಳೆ ಪಟ್ಟನೆ ಅಂಟಿಕೊಳ್ಳುತ್ತದೆ. "ನೋಡಿ ಮೇಡಂ, ಹೆಂಗ್ ಹಿಡ್ಕೊಂಡಿದೆ!" ನೋಡುವುದಕ್ಕೆ ಬಲು ಚೆನ್ನ. ಮನೆಗೆ ಬಂದು ಲೆಕ್ಕ ಹಾಕಿ ನೋಡಿದೆ. ಸಾಮಾನ್ಯ ಎ4 ಹಾಳೆಯ ತೂಕ 5 ಗ್ರಾಂ. ಅದು ಕೆಳಗೆ ಬೀಳದಂತೆ ಹಿಡಿದಿಡಲು ಬೇಕಾದ ಒತ್ತಡದ ವ್ಯತ್ಯಾಸ ಸುಮಾರು 0.8 ಪ್ಯಾಸ್ಕಲ್. ನಮ್ಮ ಸುತ್ತಲಿನ ಗಾಳಿಯ ಒತ್ತಡವೇ ಸುಮಾರು ಒಂದು ಲಕ್ಷ ಪ್ಯಾಸ್ಕಲ್ ಇರುತ್ತದೆ. ಬಚ್ಚಲುಮನೆಯ ಸಣ್ಣ ಎಕ್ಸಾಸ್ಟ್ ಫ್ಯಾನು ಕೂಡ ಹಾಳೆಗೆ ಬೇಕಾದುದರ ಹತ್ತಾರು ಪಟ್ಟು ಒತ್ತಡ ಹುಟ್ಟಿಸುತ್ತದೆ. ಆ ಹಾಳೆಯಿಂದ ಗೊತ್ತಾಗುವುದು ಮೋಟರ್ ತಿರುಗುತ್ತಿದೆ ಎನ್ನುವುದಷ್ಟೇ.

"ಅದೇ ಹಾಳೆಯನ್ನು ಒಂದು ಗೇಣು ಕೆಳಗೆ ಹಿಡಿದು ತೋರಿಸಿ" ಎಂದೆ. ಹುಡುಗ ನಕ್ಕ. ಹಿಡಿದ. ಹಾಳೆ ಸುಮ್ಮನೆ ತೂಗುತ್ತಿತ್ತು, ಅಂಚು ಸ್ವಲ್ಪ ಅಲುಗಿತು. "ಹೊಗೆ ಹಗುರ ಅಲ್ವಾ ಮೇಡಂ, ಅದು ಬಂದ್ಬಿಡುತ್ತೆ" ಅಂದ. ಮಾತು ತಪ್ಪಿಸಿಕೊಳ್ಳಲು ಅಂದಿದ್ದಿರಬಹುದು, ಆದರೆ ಅವತ್ತು ಆ ಅಂಗಡಿಯಲ್ಲಿ ಕೇಳಿದ ಮಾತುಗಳಲ್ಲೆಲ್ಲ ಸತ್ಯಕ್ಕೆ ತೀರಾ ಹತ್ತಿರದ್ದು ಅದೇ.

ಉರಿಯುವ ಮೇಣದಬತ್ತಿಯನ್ನು ಒಂದು ಮೊಳ ದೂರದಿಂದ ಊದಿ ಆರಿಸಬಹುದು. ಅಷ್ಟೇ ದೂರದಿಂದ ಉಸಿರು ಎಳೆದುಕೊಂಡು ಆರಿಸಿ ನೋಡಿ, ಜ್ವಾಲೆ ಅಲುಗುವುದೂ ಇಲ್ಲ. ಊದಿದ ಗಾಳಿ ಒಂದೇ ದಿಕ್ಕಿಗೆ ನುಗ್ಗುತ್ತದೆ. ಎಳೆದ ಗಾಳಿ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ, ಎಲ್ಲ ಕಡೆಯಿಂದಲೂ ಬಂದು ಬಾಯಿಗೆ ಸೇರುತ್ತದೆ. ಹಾಗಾಗಿ ದೂರ ಹೋದ ಹಾಗೆ ಅದರ ವೇಗ ಬಹುಬೇಗ ಕರಗುತ್ತದೆ. ಕಾರ್ಖಾನೆಗಳ ಗಾಳಿ ವ್ಯವಸ್ಥೆ ಮಾಡುವವರು ಬಳಸುವ ಹಳೆಯ ಲೆಕ್ಕವೊಂದಿದೆ: ದುಂಡನೆಯ ಬಾಯಿಯಿಂದ ಅದರ ವ್ಯಾಸದಷ್ಟೇ ದೂರ ಬಂದರೆ ಎಳೆತದ ವೇಗ ಬಾಯಲ್ಲಿದ್ದುದರ ಸುಮಾರು 7 ಶೇಕಡಾಕ್ಕೆ ಇಳಿದಿರುತ್ತದೆ. ಊದಿದ ಗಾಳಿಯಾದರೋ ವ್ಯಾಸದ ಸುಮಾರು 30 ಪಟ್ಟು ದೂರದವರೆಗೆ ಹತ್ತನೇ ಒಂದು ಪಾಲು ವೇಗ ಉಳಿಸಿಕೊಂಡಿರುತ್ತದೆ. ಚಿಮಣಿ ತೂಗುವುದು ಒಲೆಯಿಂದ 65-75 ಸೆಂಟಿಮೀಟರ್ ಮೇಲೆ. ಅಷ್ಟು ಕೆಳಗಿರುವ ಬಾಣಲೆಯಿಂದ ಹೊಗೆಯನ್ನು ಎತ್ತಿ ತರುವ ಶಕ್ತಿ 1500ರ ಯಂತ್ರಕ್ಕೂ ಇಲ್ಲ. ಹೊಗೆ ಬಿಸಿಯಾಗಿರುವುದರಿಂದ ತಾನೇ ಏಳುತ್ತದೆ, ತಾನೇ ಚಿಮಣಿಯ ಹೊಟ್ಟೆಯೊಳಗೆ ಬರುತ್ತದೆ. ಬಂದುದನ್ನು ಚೆಲ್ಲದೆ ಹಿಡಿದು ಹೊರಗೆ ಸಾಗಿಸುವುದಷ್ಟೇ ಯಂತ್ರದ ಕೆಲಸ.

ಇದು ತಲೆಗೆ ಹೊಕ್ಕ ಮೇಲೆ ಕ್ಯಾಟಲಾಗಿನಲ್ಲಿ ನಾನು ನೋಡುವ ಜಾಗವೇ ಬದಲಾಯಿತು. ಏಳುವ ಹೊಗೆ ಸುತ್ತಲಿನ ಗಾಳಿಯನ್ನು ಸೇರಿಸಿಕೊಳ್ಳುತ್ತ, ಮೇಲೆ ಹೋದಂತೆ ಅಗಲವಾಗುತ್ತ ಹೋಗುತ್ತದೆ. ಆದ್ದರಿಂದ ಚಿಮಣಿಯ ಅಗಲ ಒಲೆಯಷ್ಟಾದರೂ ಇರಬೇಕು, ಎರಡೂ ಬದಿಗೆ ಕೈಬೆರಳಿನಷ್ಟು ಉದ್ದ ಹೆಚ್ಚಿದ್ದರೆ ಒಳ್ಳೆಯದು. 60 ಸೆಂಟಿಮೀಟರ್ ಒಲೆಗೆ 60ರ ಚಿಮಣಿ ನಡೆಯುತ್ತದೆ, 75ರದ್ದು ನೆಮ್ಮದಿ ಕೊಡುತ್ತದೆ. ಅಗಲದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಗೋಡೆಯಿಂದ ಮುಂದಕ್ಕೆ ಅದು ಎಷ್ಟು ಚಾಚಿದೆ ಎಂದು ಕೇಳುವವರು ಕಡಿಮೆ. ಮುಂದಿನ ಬರ್ನರಿನ ಅರ್ಧವನ್ನೂ ಮುಚ್ಚದ ಚಿಮಣಿಗಳು ಬೇಕಾದಷ್ಟಿವೆ. ಅವುಗಳ ಮುಂಭಾಗದಿಂದ ಹೊಗೆ ನಿರಾಳವಾಗಿ ಜಾರಿ, ಅಡುಗೆ ಮಾಡುವವರ ಮುಖಕ್ಕೆ ಹೊಡೆದು, ಸೀಲಿಂಗಿಗೆ ಹೋಗುತ್ತದೆ.

ಅಮೆರಿಕದ ಲಾರೆನ್ಸ್ ಬರ್ಕ್‌ಲಿ ರಾಷ್ಟ್ರೀಯ ಪ್ರಯೋಗಾಲಯದವರು ಮನೆ ಬಳಕೆಯ ಚಿಮಣಿಗಳನ್ನು ಒಲೆಯ ಮೇಲೆ ಇಟ್ಟು ಅಳೆದಿದ್ದಾರೆ. ಅವರು ಅಳೆದದ್ದು ಎಷ್ಟು ಗಾಳಿ ಹೋಯಿತು ಎಂಬುದನ್ನಷ್ಟೇ ಅಲ್ಲ, ಒಲೆಯಿಂದ ಎದ್ದ ಕೊಳೆಯಲ್ಲಿ ಎಷ್ಟು ಪಾಲು ಕೋಣೆಗೆ ಬೆರೆಯದೆ ನೇರ ಹೊರಗೆ ಹೋಯಿತು ಎಂಬುದನ್ನೂ. ಉತ್ತರ 15 ಶೇಕಡಾಕ್ಕಿಂತ ಕೆಳಗಿನಿಂದ 98 ಶೇಕಡಾದ ಮೇಲಿನವರೆಗೆ ಹರಡಿಕೊಂಡಿತ್ತು. ಯಾವ ಚಿಮಣಿ, ಯಾವ ಸ್ಪೀಡು, ಯಾವ ಬರ್ನರು ಎಂಬುದರ ಮೇಲೆ ಅಷ್ಟೊಂದು ವ್ಯತ್ಯಾಸ. ಹಿಂದಿನ ಬರ್ನರಿನ ಹೊಗೆ ಮುಂದಿನದಕ್ಕಿಂತ ಚೆನ್ನಾಗಿ ಸಿಕ್ಕಿಬೀಳುತ್ತದೆ ಎನ್ನುವುದು ಅವರ ಅಳತೆಗಳಲ್ಲಿ ಮತ್ತೆ ಮತ್ತೆ ಕಂಡದ್ದು. ಈಗಾಗಲೇ ಮನೆಯಲ್ಲಿ ಚಿಮಣಿ ಇದ್ದು, ಅದು ಸರಿಯಿಲ್ಲ ಎಂದು ಗೊಣಗುತ್ತಿರುವವರು ಒಂದು ಪೈಸೆ ಖರ್ಚಿಲ್ಲದೆ ಮಾಡಬಹುದಾದದ್ದು ಇದು: ಕರಿಯುವುದು, ಹುರಿಯುವುದು ಹಿಂದಿನ ಬರ್ನರಿಗೆ, ಹಾಲು, ನೀರು ಕಾಯಿಸುವುದು ಮುಂದಿನದಕ್ಕೆ. ಜೊತೆಗೆ ಒಲೆ ಹಚ್ಚುವ ಒಂದೆರಡು ನಿಮಿಷ ಮೊದಲೇ ಚಿಮಣಿ ಹಾಕಿ, ಒಲೆ ಆರಿಸಿದ ಮೇಲೂ ಹತ್ತು ಹದಿನೈದು ನಿಮಿಷ ಓಡಲು ಬಿಡುವುದು.

ಆಕಾರದ ವಿಷಯದಲ್ಲಿ ನನಗೆ ಸ್ವಲ್ಪ ಹಳೆಯ ಕಾಲದ ಅಭಿರುಚಿ. ಓರೆಯಾಗಿ ನಿಂತ ಕಪ್ಪು ಗಾಜಿನ ಚಿಮಣಿಗಳು ಫೋಟೋದಲ್ಲಿ ಸೊಗಸು, ತಲೆಗೂ ತಾಗುವುದಿಲ್ಲ. ಆದರೆ ಅವಕ್ಕೆ ಹೊಟ್ಟೆಯೇ ಇಲ್ಲ. ಬಿಸಿ ಎಣ್ಣೆಗೆ ಹಸಿ ಪದಾರ್ಥ ಬಿದ್ದ ಕ್ಷಣ ಹೊಗೆ ಒಮ್ಮೆಲೇ ಭುಗ್ಗೆನ್ನುತ್ತದೆ. ಫ್ಯಾನು ಅಷ್ಟನ್ನೂ ಅದೇ ಕ್ಷಣಕ್ಕೆ ನುಂಗಲಾರದು. ಕೆಳಗೆ ಟೊಳ್ಳಿರುವ ಪೆಟ್ಟಿಗೆಯಾಕಾರದ ಚಿಮಣಿಯಾದರೆ ಆ ಹೊಗೆ ಒಳಗೆ ಒಂದು ಗಳಿಗೆ ತಂಗುತ್ತದೆ, ಅಷ್ಟರಲ್ಲಿ ಫ್ಯಾನು ಸಾಗಿಸುತ್ತದೆ. ಓರೆ ಗಾಜಿನ ಮೇಲೆ ಅದು ಜಾರಿ ಹೊರಗೆ ಬರುತ್ತದೆ. ಎತ್ತರದಲ್ಲೂ ಎಳೆದಾಟ ಇದ್ದೇ ಇದೆ. ಗ್ಯಾಸ್ ಒಲೆಯಾದರೆ ಪಾತ್ರೆ ಕೂರುವ ಮಟ್ಟದಿಂದ 65 ಸೆಂಟಿಮೀಟರಿಗಿಂತ ಕೆಳಗೆ ತರಬಾರದೆನ್ನುವುದು ಸಾಮಾನ್ಯ ಸುರಕ್ಷತಾ ನಿಯಮ, ಮ್ಯಾನ್ಯುಯಲ್ಲಿನಲ್ಲಿ ಅದಕ್ಕಿಂತ ಹೆಚ್ಚು ಹೇಳಿದ್ದರೆ ಅದೇ ಕೊನೆಯ ಮಾತು. ಆದರೆ ತಲೆ ತಾಗುತ್ತದೆಂದು ಇನ್ನೂ ಒಂದು ಗೇಣು ಮೇಲೇರಿಸಿದರೆ ಹೊಗೆ ಅಗಲವಾಗಲು, ಅಡ್ಡಗಾಳಿಗೆ ಸಿಕ್ಕಿ ದಾರಿ ತಪ್ಪಲು ಅಷ್ಟು ಜಾಗ ಕೊಟ್ಟಂತೆ. ಒಲೆಯ ಪಕ್ಕದ ಕಿಟಕಿ, ತಲೆಯ ಮೇಲಿನ ಸೀಲಿಂಗ್ ಫ್ಯಾನು, ಹಿಂದೆ ಓಡಾಡುವ ಮಕ್ಕಳು ಎಲ್ಲವೂ ಆ ಹೊಗೆಯನ್ನು ಪಕ್ಕಕ್ಕೆ ತಳ್ಳುತ್ತವೆ.

ಇಂಡಕ್ಷನ್ ಒಲೆಯವರಿಗೆ ಒಂದು ಮಾತು. ಅಲ್ಲಿ ಉರಿ ಇಲ್ಲ, ಪಾತ್ರೆಯ ಸುತ್ತ ಏಳುವ ಬಿಸಿಗಾಳಿಯೂ ಕಡಿಮೆ. ಗ್ಯಾಸ್ ಉರಿದಾಗ ಬರುವ ನೈಟ್ರೋಜನ್ ಡೈಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್‌ಗಳ ಚಿಂತೆ ಇಲ್ಲದಿದ್ದರೂ ಎಣ್ಣೆಯ ಹೊಗೆ ಎಣ್ಣೆಯದೇ. ಅತಿ ಬಿಸಿಯಲ್ಲಿ ಕರಿಯುವಾಗ ಏಳುವ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2ಎ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರಬಲ್ಲವುಗಳ ಸಾಲಿಗೆ ಸೇರಿಸಿದೆ. ಹೆದರಿಸಲು ಹೇಳುತ್ತಿಲ್ಲ, "ಇಂಡಕ್ಷನ್ ಇದೆ, ಚಿಮಣಿ ಯಾಕೆ" ಅನ್ನುವವರಿಗೆ ಹೇಳುತ್ತಿದ್ದೇನೆ. ಅಂಥ ಅಡುಗೆಮನೆಯಲ್ಲಿ ಮತ್ತೊಂದು ಕಿರಿಕಿರಿ: ಚಿಮಣಿಯ ಅಡಿಭಾಗ ತಣ್ಣಗೇ ಇರುವುದರಿಂದ ಹಬೆ ಅಲ್ಲೇ ನೀರಾಗಿ ತೊಟ್ಟಿಕ್ಕುತ್ತದೆ.

"ರೆಡ್ಯೂಸರ್ ಹಾಕಿ ಕೊಡ್ತೀನಿ"

ಅಕ್ಕನ ಮನೆಗೆ ಚಿಮಣಿ ಕೂರಿಸುವ ದಿನ ನಾನೂ ಅಲ್ಲಿದ್ದೆ. ಗೋಡೆಯಲ್ಲಿ ಹಳೆಯ ಎಕ್ಸಾಸ್ಟ್ ಪೈಪಿನ ತೂತಿತ್ತು, 100 ಮಿಲಿಮೀಟರಿನದು. ಯಂತ್ರದ ಬಾಯಿ 150. ಕೂರಿಸಲು ಬಂದವನು ಎರಡನ್ನೂ ನೋಡಿ, ಸ್ವಲ್ಪವೂ ತಲೆ ಕೆಡಿಸಿಕೊಳ್ಳದೆ, "ಅಕ್ಕಾ, ತೂತು ಚಿಕ್ಕದೈತೆ, ರೆಡ್ಯೂಸರ್ ಹಾಕಿ ಕೊಡ್ತೀನಿ, ಏನೂ ಆಗಲ್ಲ" ಅಂದ. ದೊಡ್ಡ ತೂತು ಕೊರೆಸಿದರೆ ಟೈಲ್ಸ್ ಒಡೆಯುತ್ತದೆ, ಧೂಳು, ಮತ್ತೊಂದು ದಿನ. ಅಕ್ಕ ನನ್ನ ಮುಖ ನೋಡಿದಳು, ಭಾವ ಗಡಿಯಾರ ನೋಡಿದರು. ದೊಡ್ಡ ಬಾಯಿಯನ್ನು ಚಿಕ್ಕ ಪೈಪಿಗೆ ಜೋಡಿಸುವ ರೆಡ್ಯೂಸರ್ ಬಂತು. ಅಲ್ಲಿಂದ ಸುಕ್ಕುಸುಕ್ಕಾದ ಅಲ್ಯೂಮಿನಿಯಂ ಪೈಪು ಫಾಲ್ಸ್ ಸೀಲಿಂಗಿನ ಮೇಲೆ ಸಡಿಲವಾಗಿ ಮಲಗಿ, ಎರಡು ಕಡೆ ಬಳುಕಿ, ತೂತಿಗೆ ಸೇರಿತು. ಸ್ವಿಚ್ಚು ಹಾಕಿದರೆ ಕಿವಿ ತುಂಬುವ ಸದ್ದು. ಅವನು ಜೇಬಿನಿಂದ ಮಡಿಚಿದ ಬಿಲ್ಲಿನ ಹಾಳೆ ತೆಗೆದು ಚಿಮಣಿಗೆ ಹಿಡಿದ. ಅಂಟಿಕೊಂಡಿತು. ಕೆಲಸ ಮುಗಿಯಿತು.

ಆ ಮೂರು ಬೆರಳಿನ ವ್ಯತ್ಯಾಸದಲ್ಲಿ ಏನಾಯಿತು ಅನ್ನುವುದು ಸರಳ ಗಣಿತ. 100 ಮಿಲಿಮೀಟರ್ ಪೈಪಿನ ಬಾಯಿ 150ರದ್ದರ 44 ಶೇಕಡಾ ಮಾತ್ರ. ಗಂಟೆಗೆ 400 ಘನ ಮೀಟರ್ ಗಾಳಿ 150ರ ಪೈಪಿನಲ್ಲಿ ಸೆಕೆಂಡಿಗೆ ಸುಮಾರು 6.3 ಮೀಟರ್ ವೇಗದಲ್ಲಿ ಹೋಗುತ್ತದೆ. 100ರದ್ದರಲ್ಲಿ ಅಷ್ಟೇ ಗಾಳಿ ಹೋಗಬೇಕಾದರೆ 14 ಮೀಟರ್ ವೇಗದಲ್ಲಿ ನುಗ್ಗಬೇಕು. ಪೈಪಿನ ಗೋಡೆ ಒಡ್ಡುವ ತಡೆ ಇನ್ನೂ ಕ್ರೂರ: ಅಷ್ಟೇ ಗಾಳಿಗೆ ಅದು ಏಳು ಪಟ್ಟಿಗೂ ಮೀರಿ ಏರುತ್ತದೆ. ಸುಕ್ಕಿನ ಪೈಪು, ಕಡಿದಾದ ಬೆಂಡು ಅದರ ಮೇಲೆ ಮತ್ತಷ್ಟು. ಇದಕ್ಕೆಲ್ಲ ಫ್ಯಾನು ಮಾಡುವುದು ಒಂದೇ, ಗಾಳಿ ಕಡಿಮೆ ಕಳಿಸುತ್ತದೆ, ಶಬ್ದ ಹೆಚ್ಚು ಮಾಡುತ್ತದೆ. ಆಗ ಮನೆಯವರು ಸ್ಪೀಡು ಏರಿಸುತ್ತಾರೆ. ಇನ್ನೂ ಶಬ್ದ. ಕೊನೆಗೆ ಆಫ್. ಅಕ್ಕನ ಮನೆಯಲ್ಲಿ ಈಗ ಅದರ ದೀಪ ಮಾತ್ರ ಉಪಯೋಗದಲ್ಲಿದೆ. ದೀಪ ಚೆನ್ನಾಗಿದೆ, ಆ ಮಾತು ಬೇರೆ.

ಡಬ್ಬದ ಮೇಲಿನ 1200 ಎನ್ನುವುದು ತಡೆಯೇ ಇಲ್ಲದಾಗಿನ ಅಂಕಿಯೂ ಆಗಿರಬಹುದು, ಕೆಲವೇ ನಿಮಿಷ ಓಡುವ ಬೂಸ್ಟ್ ಸ್ಪೀಡಿನದೂ ಆಗಿರಬಹುದು. ಅಡುಗೆಮನೆಯ ಚಿಮಣಿಗಳ ಗಾಳಿ ಅಳೆಯಲು ಐಇಸಿ 61591 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಒಳ್ಳೆಯ ತಯಾರಕರು ಅದರ ಪ್ರಕಾರ ಪ್ರತಿ ಸ್ಪೀಡಿಗೂ ಗಾಳಿಯೆಷ್ಟು ಎಂದು, ಜೊತೆಗೆ ಶಬ್ದವೆಷ್ಟು ಎಂದೂ ಪಟ್ಟಿ ಕೊಡುತ್ತಾರೆ. ಒತ್ತಡ ಏರಿದಂತೆ ಗಾಳಿ ಎಷ್ಟು ಇಳಿಯುತ್ತದೆ ಎಂಬ ಗೆರೆಚಿತ್ರವನ್ನೂ ಕೊಡುವವರಿದ್ದಾರೆ. ಯುರೋಪಿಯನ್ ಒಕ್ಕೂಟದಲ್ಲಿ 2015ರಿಂದ ಚಿಮಣಿಗಳಿಗೂ ಎನರ್ಜಿ ಲೇಬಲ್ ಇದೆ, ಜಿಡ್ಡು ಹಿಡಿಯುವ ದಕ್ಷತೆಗೆ ಪ್ರತ್ಯೇಕ ದರ್ಜೆಯಿದೆ, ಬೂಸ್ಟನ್ನು ಬಿಟ್ಟು ಸಾಮಾನ್ಯ ಸ್ಪೀಡುಗಳ ಅಂಕಿ ಹೇಳಬೇಕೆಂಬ ನಿಯಮವಿದೆ. ಗಂಟೆಗೆ 650 ಘನ ಮೀಟರಿಗಿಂತ ಹೆಚ್ಚು ಎಳೆಯುವ ಯಂತ್ರವಾದರೆ ಸ್ವಲ್ಪ ಹೊತ್ತಿಗೆ ತಾನೇ 650ಕ್ಕೆ ಇಳಿಯಬೇಕು ಎಂದೂ ಇದೆ. 1500ರ ಜಾಹೀರಾತು ನೋಡಿ ಬಂದವರಿಗೆ ಈ 650 ಬಹಳ ಸಣ್ಣದೆನಿಸಬಹುದು.

ಸಣ್ಣದೇನಲ್ಲ. 3 ಮೀಟರ್ ಉದ್ದ, 2.5 ಅಗಲ, 2.8 ಎತ್ತರದ ಅಡುಗೆಮನೆಯೊಳಗಿನ ಒಟ್ಟು ಗಾಳಿ 21 ಘನ ಮೀಟರ್. 1200ರ ಯಂತ್ರ ಹೇಳಿದಷ್ಟೇ ಎಳೆದರೆ ಆ ಕೋಣೆಯ ಗಾಳಿ ಹೆಚ್ಚುಕಡಿಮೆ ನಿಮಿಷಕ್ಕೊಮ್ಮೆ ಪೂರ್ತಿ ಬದಲಾಗಬೇಕು. ಯಾರಿಗೆ ಬೇಕು ಅದು? ಅಮೆರಿಕದ ಹೋಮ್ ವೆಂಟಿಲೇಟಿಂಗ್ ಇನ್‌ಸ್ಟಿಟ್ಯೂಟ್ ಕೊಡುವ ಸಲಹೆ, ಗೋಡೆಗೆ ಕೂತ ಚಿಮಣಿಗೆ ಒಲೆಯ ಪ್ರತಿ ಅಡಿ ಅಗಲಕ್ಕೆ 100 ಸಿಎಫ್‌ಎಂ. ಒಂದು ಸಿಎಫ್‌ಎಂ ಅಂದರೆ ನಿಮಿಷಕ್ಕೆ ಒಂದು ಘನ ಅಡಿ, ನಮ್ಮ ಲೆಕ್ಕದಲ್ಲಿ ಗಂಟೆಗೆ 1.7 ಘನ ಮೀಟರ್. ಎರಡಡಿ ಒಲೆಗೆ ಲೆಕ್ಕ ಹಾಕಿದರೆ ಗಂಟೆಗೆ 340 ಘನ ಮೀಟರ್ ಆಯಿತು, ಮೂರಡಿಗೆ 510. ನಡುಮನೆಗೆ ತೆರೆದುಕೊಂಡ, ಸುತ್ತ ಗೋಡೆಯಿಲ್ಲದ ಒಲೆಯಾದರೆ ಒಂದೂವರೆ ಪಟ್ಟು. ಈ 340 ನಿಜವಾಗಿ ಪೈಪಿನ ಆಚೆ ತುದಿಯಿಂದ ಹೊರಗೆ ಬಿದ್ದರೆ ಸಾಮಾನ್ಯ ಮನೆಯ ಅಡುಗೆಗೆ ಧಾರಾಳ ಸಾಕು.

ಆದ್ದರಿಂದ ನಾನು ಮೊದಲು ನೋಡಿದ್ದು ಗೋಡೆಯನ್ನು. ಯಂತ್ರದ ಬಾಯಿಯಷ್ಟೇ ಅಗಲದ, ಒಳಗೆ ನುಣುಪಾದ ಪೈಪು, ಹೊರಗಿನವರೆಗೂ ಎಲ್ಲೂ ಕುಗ್ಗದಂತೆ. ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು. ಬೆಂಡು ಬೇಕೇಬೇಕೆಂದರೆ ದುಂಡಾಗಿ ತಿರುಗುವುದು. ಸುಕ್ಕಿನ ಪೈಪು ಅನಿವಾರ್ಯವಾದರೆ ಬಿಗಿಯಾಗಿ ಎಳೆದು ಕಟ್ಟಿಸುವುದು. ಹಬೆ ಪೈಪಿನೊಳಗೆ ನೀರಾದರೆ ಒಲೆಗೆ ಮರಳದಂತೆ ಹೊರಮುಖವಾಗಿ ತುಸು ಇಳಿಜಾರು. ಹೊರಬಾಯಿಗೆ ಸಣ್ಣ ಕಣ್ಣಿನ ಸೊಳ್ಳೆ ಜಾಲರಿ ಹಾಕಿಸಿದರೆ ಅದು ಜಿಡ್ಡು ಹಿಡಿದು ಮುಚ್ಚಿಕೊಳ್ಳುತ್ತದೆ, ಅದರ ಬದಲು ಗಾಳಿ ಹೋಗುವಾಗ ಮಾತ್ರ ತೆರೆಯುವ ಫ್ಲಾಪು. ಫಾಲ್ಸ್ ಸೀಲಿಂಗಿನ ಒಳಗೇ ಪೈಪು ಬಿಟ್ಟು ಕೈ ತೊಳೆದುಕೊಳ್ಳುವವರೂ ಇದ್ದಾರೆ. ಆ ಜಿಡ್ಡು ಅಲ್ಲೇ ಕೂತು ಬೆಂಕಿಗೆ ಆಹಾರವಾಗುತ್ತದೆ. ಗ್ಯಾಸ್ ಗೀಸರಿನ ಹೊಗೆಕೊಳವೆಗೆ ಸೇರಿಸುವುದಂತೂ ಕೂಡದು.

ಹೋದಷ್ಟು ಬರಬೇಕು

ಕೋಣೆಯಿಂದ ಗಂಟೆಗೆ 340 ಘನ ಮೀಟರ್ ಹೊರಗೆ ಹೋದರೆ ಅಷ್ಟೇ ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಬಾಗಿಲು ಕಿಟಕಿ ಎಲ್ಲ ಬಿಗಿಯಾಗಿ ಹಾಕಿದ್ದರೆ ಫ್ಯಾನು ಸುಮ್ಮನೆ ಒದ್ದಾಡುತ್ತದೆ. ಬಾಗಿಲ ಸಂದಿಯಿಂದ, ಸಿಂಕಿನ ಕೆಳಗಿನಿಂದ, ಪಕ್ಕದ ಬಚ್ಚಲಿನಿಂದ ಎಳೆದುಕೊಳ್ಳುತ್ತದೆ. ಚಿಮಣಿ ಹಾಕಿದಾಗಲೇ ಮೋರಿಯ ವಾಸನೆ ಬರುತ್ತದೆ ಎಂದು ದೂರುವವರ ಮನೆಯಲ್ಲಿ ಇದೂ ಒಂದು ಕಾರಣವಾಗಿರಬಹುದು. ವಾಸನೆಯಾದರೆ ಪರವಾಗಿಲ್ಲ. ಅದೇ ಗಾಳಿವಲಯದಲ್ಲಿ ಗ್ಯಾಸ್ ಗೀಸರೋ, ಕಟ್ಟಿಗೆ ಉರಿಯುವ ಒಲೆಯೋ ಇದ್ದರೆ ಅದರ ಹೊಗೆ ತನ್ನ ಕೊಳವೆಯಲ್ಲಿ ಮೇಲೇರುವ ಬದಲು ಹಿಂದಕ್ಕೆ ಮನೆಯೊಳಗೆ ಬರಬಹುದು, ಕಾರ್ಬನ್ ಮಾನಾಕ್ಸೈಡಿನ ಸಮೇತ. ಆ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಜರ್ಮನಿಯಲ್ಲಿ ಕೋಣೆಯ ಗಾಳಿಯನ್ನೇ ಬಳಸಿ ಉರಿಯುವ ಒಲೆಯೂ ಚಿಮಣಿಯೂ ಒಟ್ಟಿಗೆ ಓಡುವುದಾದರೆ ಕೋಣೆಯ ಒತ್ತಡ ಹೊರಗಿಗಿಂತ 4 ಪ್ಯಾಸ್ಕಲ್ಲಿಗಿಂತ ಹೆಚ್ಚು ಇಳಿಯಬಾರದೆಂದು ಲೆಕ್ಕ ಇಟ್ಟಿದ್ದಾರೆ. ಕಿಟಕಿ ತೆರೆದಿದ್ದರೆ ಮಾತ್ರ ಚಿಮಣಿ ಓಡುವಂತೆ ಸ್ವಿಚ್ಚು ಜೋಡಿಸುವುದೂ ಇದಕ್ಕೇ. ಐದಾರು ಎ4 ಹಾಳೆಗಳ ತೂಕದಷ್ಟು ಒತ್ತಡ, ಅಷ್ಟೇ ಸಾಕು ಹೊಗೆಯನ್ನು ತಿರುಗಿಸಲು.

ಹಾಗಾದರೆ ಯಾವ ಕಿಟಕಿ ತೆರೆಯುವುದು? ಒಲೆಯಿಂದ ದೂರದ್ದು. ಪಕ್ಕದ ಕಿಟಕಿ ತೆರೆದರೆ ಅಲ್ಲಿಂದ ಬಂದ ಗಾಳಿ ಹೊಗೆಯನ್ನೇ ತಳ್ಳಿಕೊಂಡು ಹೋಗುತ್ತದೆ. 60 ಸೆಂಟಿಮೀಟರ್ ಉದ್ದದ ಕಿಟಕಿ ಒಂದು ಹತ್ತು ಸೆಂಟಿಮೀಟರ್ ತೆರೆದಿದ್ದರೆ 340 ಘನ ಮೀಟರ್ ಗಾಳಿ ಸೆಕೆಂಡಿಗೆ ಒಂದೂವರೆ ಮೀಟರಿನಂತೆ ಮೆಲ್ಲನೆ ಬರುತ್ತದೆ. ಅದೇ ಸಂದಿಯಿಂದ 1200 ಬರಬೇಕೆಂದರೆ ಸೆಕೆಂಡಿಗೆ ಐದೂವರೆ ಮೀಟರಿನ ಗಾಳಿ, ಕ್ಯಾಲೆಂಡರು ಹಾರುತ್ತದೆ.

ಶಬ್ದದ ಲೆಕ್ಕ

ಫ್ಯಾನಿನ ವೇಗ ಅರ್ಧಕ್ಕೆ ಇಳಿಸಿದರೆ ಗಾಳಿ ಅರ್ಧವಾಗುತ್ತದೆ, ಬೇಕಾಗುವ ವಿದ್ಯುತ್ತು ಎಂಟನೇ ಒಂದು ಭಾಗವಾಗುತ್ತದೆ, ಶಬ್ದ ಸುಮಾರು 15 ಡೆಸಿಬಲ್ ಇಳಿಯುತ್ತದೆ. ಹತ್ತು ಡೆಸಿಬಲ್ ಇಳಿದರೆ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ. ಹದಿನೈದು ಇಳಿದರೆ ಮೂರನೇ ಒಂದು ಪಾಲಿನ ಹತ್ತಿರ. ಆದ್ದರಿಂದ ದೊಡ್ಡ ಯಂತ್ರ ತಂದು ಸಣ್ಣ ಸ್ಪೀಡಿನಲ್ಲಿ ಓಡಿಸುವವರ ವಾದದಲ್ಲಿ ಹುರುಳಿದೆ. ಷರತ್ತು ಎರಡು: ಪೈಪು ದೊಡ್ಡದಿರಬೇಕು, ಕೆಳಗಿನ ಸ್ಪೀಡು ನಿಜವಾಗಿಯೂ ಕೆಳಗಿರಬೇಕು. ಮೊದಲ ಸ್ಪೀಡಿನಲ್ಲೇ ಅಬ್ಬರಿಸುವ ಯಂತ್ರಗಳೂ ಇವೆ. ಹತ್ತಿರ ನಿಂತು ಆಡುವ ಸಾಮಾನ್ಯ ಮಾತು 60 ಡೆಸಿಬಲ್ ಆಸುಪಾಸು. ಯಂತ್ರ ಅದನ್ನು ಮೀರಿತೆಂದರೆ ಅಡುಗೆಮನೆಯಲ್ಲಿ ಮಾತು ಕೂಗಾಗುತ್ತದೆ. ಅಂಕಿ ಹೋಲಿಸುವಾಗ ಒಂದು ಎಚ್ಚರ: ಕೆಲವರು ಯಂತ್ರ ಹೊರಸೂಸುವ ಒಟ್ಟು ಶಬ್ದಶಕ್ತಿಯನ್ನು ಬರೆಯುತ್ತಾರೆ, ಕೆಲವರು ಒಂದು ದೂರದಲ್ಲಿ ನಿಂತು ಅಳೆದ ಶಬ್ದದ ಒತ್ತಡವನ್ನು. ಎರಡಕ್ಕೂ ಡೆಸಿಬಲ್ ಎಂದೇ ಹೆಸರು. ಎರಡನೆಯದು ಸಾಮಾನ್ಯವಾಗಿ ಕಡಿಮೆ ಕಾಣುತ್ತದೆ, ಜಾಹೀರಾತಿನವರಿಗೆ ಪ್ರಿಯವಾದದ್ದೂ ಅದೇ.

ನಮ್ಮತ್ತೆಗೆ ಇದೆಲ್ಲ ವಿವರಿಸುತ್ತಿದ್ದಾಗ ಅವರು ಪೂರ್ತಿ ಕೇಳಿಸಿಕೊಂಡು, "ಅಷ್ಟು ದೊಡ್ಡ ಪೆಟ್ಟಿಗೆ ಯಾತಕ್ಕಮ್ಮ, ಗೋಡೆಗೊಂದು ಫ್ಯಾನ್ ಹಾಕಿಸಿದ್ರೆ ಸಾಲದಾ?" ಅಂದರು. ತಳ್ಳಿಹಾಕುವ ಮಾತಲ್ಲ. ಗೋಡೆಯಲ್ಲೇ ಕೂತ ಎಕ್ಸಾಸ್ಟ್ ಫ್ಯಾನಿಗೆ ಪೈಪಿಲ್ಲ, ಬೆಂಡಿಲ್ಲ, ಅದು ಹೇಳಿದ ಗಾಳಿಯನ್ನು ಹೆಚ್ಚುಕಡಿಮೆ ಹಾಗೇ ಸಾಗಿಸುತ್ತದೆ. ಕೆಟ್ಟ ಪೈಪಿನ ಕೊನೆಗೆ ನೇತುಬಿದ್ದ ಚಿಮಣಿಗಿಂತ ಒಳ್ಳೆಯ ಜಾಗದ ಫ್ಯಾನು ಮೇಲು ಎಂದು ನಾನೂ ಹೇಳುತ್ತೇನೆ, ಬಾಡಿಗೆ ಮನೆಯಲ್ಲಂತೂ ಅದೇ ವಾಸಿ. ಅದರ ಕೊರತೆ ಒಂದೇ: ಹೊಗೆ ಮೊದಲು ಕೋಣೆಗೆ ಹರಡಿ, ಅಡುಗೆ ಮಾಡುವವರ ಮೂಗಿನ ಮುಂದೆ ಹಾದು, ಆಮೇಲೆ ಅಲ್ಲಿಗೆ ತಲುಪುತ್ತದೆ. ಹಬೆಗೂ ಸೆಕೆಗೂ ಅದು ಸಾಕು, ಕರಿಯುವ ಎಣ್ಣೆಯ ಹೊಗೆಗೆ ಸಾಲದು.

ಪೈಪೇ ಇಲ್ಲದೆ, ಹೊಗೆಯನ್ನು ಇದ್ದಿಲಿನ ಫಿಲ್ಟರಿನಿಂದ ಹಾಯಿಸಿ ಮತ್ತೆ ಅಡುಗೆಮನೆಗೇ ಬಿಡುವ ಚಿಮಣಿಗಳ ಬಗ್ಗೆ ಹೆಚ್ಚು ಬರೆಯಲಾರೆ. ಜಿಡ್ಡು ಸ್ವಲ್ಪ ಹಿಡಿಯುತ್ತದೆ, ವಾಸನೆ ಸ್ವಲ್ಪ ಹೀರುತ್ತದೆ, ಇದ್ದಿಲು ತುಂಬಿದ ಮೇಲೆ ಅದೂ ಇಲ್ಲ. ಸೆಕೆ, ಹಬೆ, ಕಾರ್ಬನ್ ಮಾನಾಕ್ಸೈಡ್ ಎಲ್ಲ ಮನೆಯಲ್ಲೇ ಉಳಿಯುತ್ತವೆ. ಹೊರಗೋಡೆಗೆ ದಾರಿಯೇ ಇಲ್ಲದವರು ಅನಿವಾರ್ಯವಾಗಿ ಹಾಕಿಸಿದರೆ ಜೊತೆಗೆ ಕಿಟಕಿಗೊಂದು ಫ್ಯಾನೂ ಇರಲಿ.

ಸಿಂಕಿನಲ್ಲಿ ಹಿಡಿಸುವ ಫಿಲ್ಟರು

ಬಿಸಿ ಎಣ್ಣೆಯ ಸಣ್ಣ ಹನಿಗಳು ಗಾಳಿಗೂ ಶಾಖಕ್ಕೂ ಸಿಕ್ಕು ದಿನ ಕಳೆದಂತೆ ಗಟ್ಟಿಯಾಗಿ ವಾರ್ನಿಶ್ಶಿನಂಥ ಪದರವಾಗುತ್ತವೆ. ಹೊಸ ಜಿಡ್ಡು ಬಿಸಿನೀರು, ಸೋಪಿಗೆ ಹೋಗುತ್ತದೆ. ತಿಂಗಳುಗಟ್ಟಲೆ ಕೂತದ್ದು ಉಗುರಿಗೂ ಜಗ್ಗುವುದಿಲ್ಲ. ಜಾಲರಿ ಫಿಲ್ಟರು ಪದರ ಪದರದ ಸಣ್ಣ ಕಣ್ಣುಗಳಲ್ಲಿ ಜಿಡ್ಡು ಹಿಡಿಯುತ್ತದೆ, ಬೇಗ ಕಟ್ಟಿಕೊಳ್ಳುತ್ತದೆ, ಕಟ್ಟಿಕೊಂಡರೆ ಮತ್ತೆ ಅದೇ ಕಥೆ, ಗಾಳಿ ಕಡಿಮೆ, ಶಬ್ದ ಹೆಚ್ಚು. ಬ್ಯಾಫಲ್ ಫಿಲ್ಟರಿನಲ್ಲಿ ಗಾಳಿ ಬಾಗಿದ ಪಟ್ಟಿಗಳ ನಡುವೆ ಗಕ್ಕನೆ ತಿರುಗಬೇಕಾಗುತ್ತದೆ, ಭಾರವಾದ ಎಣ್ಣೆಹನಿ ತಿರುಗಲಾರದೆ ಲೋಹಕ್ಕೆ ಬಡಿದು ಕೆಳಗಿಳಿಯುತ್ತದೆ. ತೊಳೆಯಲು ಸುಲಭ, ಕಟ್ಟಿಕೊಳ್ಳುವುದು ನಿಧಾನ. ಫಿಲ್ಟರೇ ಇಲ್ಲದ, ತಾನೇ ಬಿಸಿಯಾಗಿ ಜಿಡ್ಡು ಕರಗಿಸಿ ಬಟ್ಟಲಿಗೆ ಇಳಿಸುವ ಆಟೋ ಕ್ಲೀನ್ ಯಂತ್ರಗಳೂ ಇವೆ. ಒಳಗಿನ ಬ್ಲೋವರಿನ ಮಟ್ಟಿಗೆ ಅದು ಸಹಾಯವೇ. ಆದರೆ ಬಟ್ಟಲು ಖಾಲಿ ಮಾಡುವುದು, ಹೊರಮೈ ಒರೆಸುವುದು ಯಾರಿಗೂ ತಪ್ಪುವುದಿಲ್ಲ. ಅಲ್ಯೂಮಿನಿಯಂ ಫಿಲ್ಟರನ್ನು ತೀಕ್ಷ್ಣವಾದ ಕ್ಷಾರದಲ್ಲಿ ನೆನೆಹಾಕಿದರೆ ಕಪ್ಪಾಗುತ್ತದೆ ಎನ್ನುವುದನ್ನೂ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ನಾನು ಹಾಕಿಕೊಂಡ ಪರೀಕ್ಷೆ ಸರಳ: ಒಂದೇ ಕೈಯಲ್ಲಿ ಫಿಲ್ಟರ್ ಬಿಚ್ಚಲು ಬರುತ್ತದೆಯೇ, ಅದು ನಮ್ಮ ಸಿಂಕಿನಲ್ಲಿ ಮಲಗುತ್ತದೆಯೇ. ಮಲಗದ ಫಿಲ್ಟರನ್ನು ತಿಂಗಳಿಗೊಮ್ಮೆ ತೊಳೆಯುತ್ತೇನೆ ಎಂದು ನನಗೆ ನಾನೇ ಮಾತು ಕೊಡಲಾರೆ.

ಕೊನೆಗೆ ಆದದ್ದೇನೆಂದರೆ, ಚಿಮಣಿ ಹುಡುಕಲು ಹೊರಟು ಒಲೆಯ ಜಾಗವೇ ಬದಲಾಯಿತು. ನಕ್ಷೆಯಲ್ಲಿ ಒಲೆ ಒಳಗೋಡೆಗೆ ಇತ್ತು, ಅಲ್ಲಿಂದ ಹೊರಗೆ ಹೋಗಲು ಪೈಪು ಮೂರು ತಿರುವು ತೆಗೆದುಕೊಳ್ಳಬೇಕಿತ್ತು. ಈಗ ಒಲೆ ಹೊರಗೋಡೆಗೆ, ಸಿಂಕು ಅದರ ಜಾಗಕ್ಕೆ. ಗ್ಯಾಸ್ ಪೈಪು ಬದಲಿಸಬೇಕಾದ್ದಕ್ಕೆ ಮನೆಯವರಿಂದ ಸ್ವಲ್ಪ ಮಾತು ಕೇಳಬೇಕಾಯಿತು. ತೂತು ಕೊರೆಯುವವರಿಗೆ 150ರ ಪೈಪು ಸಲೀಸಾಗಿ ಕೂರುವಷ್ಟು ಅಳತೆ ಬರೆದುಕೊಟ್ಟಾಗಿದೆ, ಟೈಲ್ಸ್ ಅಂಟಿಸುವ ಮೊದಲೇ. 75 ಸೆಂಟಿಮೀಟರಿನ ಪೆಟ್ಟಿಗೆಯಾಕಾರ, ಬ್ಯಾಫಲ್ ಫಿಲ್ಟರ್, ಇಷ್ಟು ತೀರ್ಮಾನ. ಯಂತ್ರ ಇನ್ನೂ ಕೊಂಡಿಲ್ಲ. ವಿಚಾರಿಸಿದ ಅಂಗಡಿಗಳಿಗೆಲ್ಲ ಒಂದೇ ಪ್ರಶ್ನೆ ಕಳಿಸಿದೆ: ಎರಡನೇ ಸ್ಪೀಡಿನಲ್ಲಿ ಎಷ್ಟು ಗಾಳಿ, ಎಷ್ಟು ಡೆಸಿಬಲ್? ಹೆಚ್ಚಿನವರು ಬ್ರೋಷರ್ ಕಳಿಸಿದರು, ಒಬ್ಬರು ಫೋನ್ ಮಾಡಿ ರಿಯಾಯಿತಿಯ ಮಾತಾಡಿದರು, ಇನ್ನೊಬ್ಬರು ಮ್ಯಾನ್ಯುಯಲ್ಲಿನ ಪಟ್ಟಿ ಇರುವ ಪುಟದ ಫೋಟೋ ತೆಗೆದು ಕಳಿಸಿದರು. ಸದ್ಯಕ್ಕೆ ಮಾತುಕತೆ ಅವರ ಜೊತೆ ನಡೆದಿದೆ.